ಐದನೆಯ ಸ್ಪ್ರಿಂಗು

"ಕತ್ತರಿಸಿದ್ದು ಹೌದು," ಎಂದಳು ನೀಲಗಂಗಾ, ಕಣ್ಣಿಗೆ ಒತ್ತಿಕೊಂಡಿದ್ದ ಭೂತಗನ್ನಡಿಯನ್ನು ಇಳಿಸದೆಯೇ. "ಇಕ್ಕಳ ಹಾಕಿ ಕತ್ತರಿಸಿದ್ದು. ಒಂದಲ್ಲ, ನಾಲ್ಕು ಸ್ಪ್ರಿಂಗೂ."

ಹೇಳಿದ ಮೇಲೆ ತನ್ನ ಮಾತು ತನಗೇ ಕಹಿಯಾಯಿತು. ಸಂಗಮೇಶನನ್ನು ಉಳಿಸಿಕೊಡು ಎಂದು ಅವನ ತಾಯಿ ಕೈಮುಗಿದು ಕರೆಸಿದ್ದಳು. ಇವಳು ಬಂದು ಅರ್ಧ ಗಂಟೆಯೊಳಗೆ ಅವನ ಕೊರಳಿಗೇ ಹಗ್ಗ ಬಿಗಿದ ಹಾಗಾಯಿತು. ಏನು ಮಾಡುವುದು, ಕಂಡದ್ದನ್ನು ಕಂಡ ಹಾಗೆ ಹೇಳಿ ಹೇಳಿ ಅವಳ ನಾಲಿಗೆ ಮೂವತ್ತೊಂದು ವರ್ಷ ಪಳಗಿಬಿಟ್ಟಿತ್ತು.

ಡೆಟ್ರಾಯಿಟಿನ ಗೇರ್ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಅವಳ ಕೆಲಸವೇ ಅದಾಗಿತ್ತು. ಮುರಿದ ಬೋಲ್ಟು, ಮುರಿದ ಹಲ್ಲು, ಮುರಿದ ಆಕ್ಸಲ್ಲು ಮೇಜಿನ ಮೇಲಿಟ್ಟುಕೊಂಡು, ಇದು ಯಾಕೆ ಮುರಿಯಿತು ಎಂದು ಹೇಳುವುದು. ರಿಟೈರ್ ಆಗಿ ಕ್ಯಾಂಟನ್‌ನಲ್ಲಿ ತಣ್ಣಗೆ ಕೂತರೂ ಕನ್ನಡದ ಜನ ಬಿಡಬೇಕಲ್ಲ. ಮಿಕ್ಸಿಯ ಬ್ಲೇಡ್ ಮುರಿದರೂ ಅವಳ ಮನೆಗೇ, ಮನಸ್ಸು ಮುರಿದರೂ ಒಮ್ಮೊಮ್ಮೆ ಅವಳ ಮನೆಗೇ.

"ನಾನು ಹೇಳಿದ್ದೂ ಅದನ್ನೇ ಅಲ್ವಾ ಆಂಟಿ?" ಎಂದಳು ಇಂಚರ.

ನಾರ್ತ್‌ವಿಲ್‌ನ ಸಂಗಮೇಶನ ಮನೆಯ ಗ್ಯಾರೇಜಿನಲ್ಲಿ, ಮೂಗು ಜಜ್ಜಿಕೊಂಡ ಸ್ನೋಮೊಬೈಲಿನ ಆಚೆ ಬದಿಗೆ ನಿಂತಿದ್ದಳು ಅವಳು. ಗಂಡನ ದೊಡ್ಡ ಜಾಕೆಟ್ಟು ತೊಟ್ಟಿದ್ದಳು, ತಲೆ ಬಾಚಿ ಎಷ್ಟು ದಿನವಾಗಿತ್ತೋ. ಶನಿವಾರ ಗೇಲಾರ್ಡ್ ಕಡೆಯ ಹಿಮದ ದಾರಿಯಲ್ಲಿ ಇದೇ ಗಾಡಿ ಓಡಿಸುತ್ತಿದ್ದ ಅವಳ ಗಂಡ ಸಾಕೇತ್ ಪೈನ್ ಮರಕ್ಕೆ ಗುದ್ದಿ, ತೊಡೆಯ ಮೂಳೆ ಮುರಿದುಕೊಂಡು ಆನ್ ಆರ್ಬರಿನ ಆಸ್ಪತ್ರೆಯಲ್ಲಿ ಮಲಗಿ ಇವತ್ತಿಗೆ ನಾಲ್ಕು ದಿನ. ಸುದ್ದಿ ಕೇಳಿ ದೂರದ ಗ್ಲೆಂಡೇಲ್ ಹೈಟ್ಸಿನ ಮನೆಯಿಂದ ಒಂದೇ ಉಸಿರಿಗೆ ಡ್ರೈವ್ ಮಾಡಿಕೊಂಡು ಬಂದವಳು ಇನ್ನೂ ಮನೆಗೆ ಹೋಗಿರಲಿಲ್ಲ.

"ಪೊಲೀಸರು ಆಕ್ಸಿಡೆಂಟ್ ಅಂತ ಬರ್ಕೊಂಡು ಹೋಗ್ಬಿಟ್ರು. ಸಾಕೇತ್ ಹೆಲ್ಮೆಟ್ ತಗೊಂಡು ಹೋಗೋಣ ಅಂತ ನಿನ್ನೆ ಇಲ್ಲಿಗೆ ಬಂದಾಗ ನನ್ನ ಕಣ್ಣಿಗೇ ಬಿತ್ತು. ನಾನೇನು ಮೆಕ್ಯಾನಿಕ್ ಅಲ್ಲ ಆಂಟಿ. ಆದ್ರೆ ತಂತಿ ಮುರಿದಿರೋದಕ್ಕೂ ಕತ್ತರಿಸಿರೋದಕ್ಕೂ ವ್ಯತ್ಯಾಸ ಗೊತ್ತಾಗುತ್ತೆ."

ವ್ಯತ್ಯಾಸ ಯಾರಿಗೂ ಗೊತ್ತಾಗುವ ಹಾಗೇ ಇತ್ತು. ಸಂಗಮೇಶ ಓಟ ಹೆಚ್ಚಲಿ ಎಂದು ಕಂಪನಿಯ ಹೊಗೆ ಪೈಪು ಬಿಚ್ಚಿ, ಬೇರೆ ಕಡೆಯಿಂದ ತರಿಸಿದ ಹೊಟ್ಟೆ ಉಬ್ಬಿದ ಪೈಪು ಹಾಕಿಸಿದ್ದ. ಆ ಪೈಪನ್ನು ಇಂಜಿನ್ನಿಗೆ ಹಿಡಿದು ನಿಲ್ಲಿಸುವುದು ಬೋಲ್ಟಲ್ಲ, ಬೆರಳುದ್ದದ ಸ್ಪ್ರಿಂಗುಗಳು. ಇಂಜಿನ್ ಕಡೆ ಮೂರು, ಸೈಲೆನ್ಸರ್ ಕಡೆ ಎರಡು. ಆ ಐದರಲ್ಲಿ ನಾಲ್ಕು ತುಂಡಾಗಿ, ಕೊಕ್ಕೆ ಕಳಕೊಂಡು ಜೋಲುತ್ತಿದ್ದವು. ಶನಿವಾರ ಪೈಪು ಕಳಚಿ, ಬೆಂಕಿಯಂಥ ಹೊಗೆ ಮುಂದಿನ ಮುಚ್ಚಳದೊಳಗೇ ನುಗ್ಗಿ, ಕಾಲಿಗೆ ಬಿಸಿ ತಾಗಿದ್ದೇ ತಡ ಸಾಕೇತ್ ಬಗ್ಗಿ ನೋಡಿದ್ದ. ತಲೆ ಎತ್ತುವುದರೊಳಗೆ ಮರ ಎದುರಿಗಿತ್ತು.

"ಸಂಗಮೇಶ ಏನಂತಾನೆ?" ಎಂದು ಕೇಳಿದಳು ನೀಲಗಂಗಾ.

"ಏನೂ ಅನ್ನಲ್ಲ. ಅದೇ ನಂಗೆ ಭಯ. ಸುಳ್ಳು ಹೇಳಿದ್ರೂ ಜಗಳ ಆಡಬಹುದಿತ್ತು." ಇಂಚರ ಮೂಗೊರೆಸಿಕೊಂಡಳು. "ಸಂಕ್ರಾಂತಿ ದಿನ ಅವರಿಬ್ಬರಿಗೂ ಆಗಿದ್ದು ನಿಮಗೆ ಗೊತ್ತಲ್ಲ. ನಿಹಾರಿಕಾನ ಮದುವೆಗೆ ಕೇಳೋಕೆ ಬಂದಿದ್ದ. ನಮ್ಮನೇಲಿ ಒಪ್ಪಲ್ಲ, ನನ್ನ ತಂಗಿ ತಂಟೆಗೆ ಬರಬೇಡ ಅಂತ ಸಾಕೇತ್ ಎಲ್ಲರೆದುರಿಗೇ ಅಂದುಬಿಟ್ರು. ತಪ್ಪು ನಮ್ಮದೇ, ನಾನೂ ಬೈದೆ. ಆದ್ರೆ ಹತ್ತೇ ದಿನಕ್ಕೆ ಅವನೇ ಫೋನ್ ಮಾಡಿ, ಬಾ, ಸಿಟ್ಟು ಬಿಟ್ಟು ಒಂದು ರೈಡ್ ಹೋಗೋಣ ಅಂತಾನೆ. ತನ್ನ ಗಾಡೀನೇ ಇವರಿಗೆ ಕೊಡ್ತಾನೆ. ತಾನು ಬಾಡಿಗೆ ಗಾಡಿ ಓಡಿಸ್ತಾನೆ. ಇದನ್ನ ಏನಂತ ತಿಳ್ಕೊಳ್ಳಲಿ?"

ನೀಲಗಂಗಾ ಮತ್ತೆ ತುಂಡಾದ ಸ್ಪ್ರಿಂಗಿನ ಮೇಲೆ ಬಗ್ಗಿದಳು.

"ಮೂರು ಗಂಟೆಯೊಳಗೆ ವಾಪಸ್ ಬರ್ತೀನಿ, ಅಲ್ಲಿವರೆಗೆ ಕಾಯ್ತೀನಿ," ಎಂದಳು ಇಂಚರ. "ಅದೂ ನಿಮ್ಮ ಮುಖ ನೋಡಿ. ಅಷ್ಟರೊಳಗೆ ಅವನು ಬಾಯಿ ಬಿಡದಿದ್ರೆ ಇಲ್ಲಿನ ಪೊಲೀಸ್ ಸ್ಟೇಷನ್ನಿಗೆ ಹೋಗಿ ಫೋಟೋ ಕೊಟ್ಟು ಸ್ಟೇಟ್‌ಮೆಂಟ್ ಬರ್ಕೊಡ್ತೀನಿ."

ಅವಳು ಆಸ್ಪತ್ರೆಗೆ ಹೊರಟುಹೋದಳು. ಆಗ ಗಂಟೆ ಹನ್ನೆರಡೂ ಹತ್ತು.

ಕೊಲ್ಲಲು ನೋಡಿದ ಎಂದು ಕೇಸು ಬಿದ್ದರೆ ಸಂಗಮೇಶನ ಗತಿ ಏನು ಎಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಜೈಲು, ಅಲ್ಲಿಂದ ಆಚೆ ವೀಸಾ ಇಲ್ಲ, ಕೆಲಸ ಇಲ್ಲ, ಹೆಸರಂತೂ ಮೊದಲೇ ಇಲ್ಲ. ಕನ್ನಡ ಕೂಟದ ವಾಟ್ಸಾಪಿನಲ್ಲಿ ಆಗಲೇ ಅವನ ಹೆಸರಿನ ಮುಂದೆ ಮೂರು ಮೂರು ಚುಕ್ಕಿ ಹಾಕಿ ಬರೆಯತೊಡಗಿದ್ದರು, ಪುಣ್ಯಾತ್ಮರು.

ನೀಲಗಂಗಾ ಹತ್ತಿಯ ಉಂಡೆಯಿಂದ ಮೊದಲ ತುಂಡಿನ ತುದಿ ಒರೆಸಿದಳು. ಹತ್ತಿ ಬೆಳ್ಳಗೇ ಬಂತು. ಎರಡನೆಯದನ್ನು ಒರೆಸಿದಳು, ಅದೂ ಬೆಳ್ಳಗೆ. ಸ್ಪ್ರಿಂಗಿನ ಮೈ ಒರೆಸಿದರೆ ಮಾತ್ರ ಹತ್ತಿ ಕಾಡಿಗೆಯಾಯಿತು.

ಅವಳ ಹುಬ್ಬು ಮೇಲೇರಿತು. ಎಲಾ ಇದರ.

ಸ್ಪ್ರಿಂಗಿನ ಮೈಯೆಲ್ಲ ಮಸಿ ಹಿಡಿದು, ಶಾಖಕ್ಕೆ ನೀಲಿಗಟ್ಟಿದೆ. ಕತ್ತರಿಸಿದ ಜಾಗ ಮಾತ್ರ ಈಗ ತಾನೇ ಅಂಗಡಿಯಿಂದ ತಂದ ಹಾಗೆ ಬೆಳ್ಳಗಿದೆ. ಓಡುವ ಮೊದಲೇ ಕತ್ತರಿಸಿದ್ದರೆ ಅದಕ್ಕೂ ಮಸಿ ಹತ್ತಬೇಕಿತ್ತಲ್ಲ? ಅಲ್ಲದೆ ನಾಲ್ಕು ಸ್ಪ್ರಿಂಗು ಕತ್ತರಿಸಿದ ಗಾಡಿ ಮೊದಲನೇ ಗುಂಡಿಗೇ ಪೈಪು ಉದುರಿಸಿ ಕೂರುತ್ತಿತ್ತು. ಸಾಕೇತ್ ನಲವತ್ತು ಮೈಲಿ ಓಡಿಸಿದ್ದ. ಇದು ಗಾಡಿ ಬಿದ್ದು, ತಣ್ಣಗಾದ ಮೇಲೆ ಕತ್ತರಿಸಿದ್ದು. ಸತ್ತ ಮೇಲೆ ಇರಿದ ಗಾಯ.

ಇಂಚರಳಿಗೆ ಫೋನ್ ಮಾಡಲು ಕೈ ಜೇಬಿಗೆ ಹೋಯಿತು, ಅಲ್ಲೇ ನಿಂತಿತು. ಆಮೇಲೆ ಕತ್ತರಿಸಿದ್ದು ಯಾರು ಎಂದು ಅವಳು ಕೇಳಿದರೆ? ಗಾಡಿಯನ್ನು ಟ್ರೈಲರಿಗೆ ಹೇರಿ ಇಲ್ಲಿಗೆ ತಂದವನು ಸಂಗಮೇಶ, ಬೀಗ ಹಾಕಿಟ್ಟವನೂ ಸಂಗಮೇಶ. ತಪ್ಪಿಲ್ಲದವನು ಸಾಕ್ಷಿಗೆ ಯಾಕೆ ಇಕ್ಕಳ ಹಾಕುತ್ತಾನೆ? ಅರ್ಧ ಸತ್ಯ ಹೇಳಿದರೆ ಪೂರ್ತಿ ಸುಳ್ಳಿಗಿಂತ ಕೆಟ್ಟದಾದೀತು.

ಕತ್ತರಿಸುವ ಮೊದಲೇ ಸ್ಪ್ರಿಂಗುಗಳು ತಾವಾಗಿ ಮುರಿದಿರಬೇಕು; ಯಾಕೆ ಮುರಿದವು ಅನ್ನುವುದು ಮೊದಲು ತಿಳಿಯಬೇಕು.

ಇಂಥ ಸ್ಪ್ರಿಂಗುಗಳ ಶತ್ರುಗಳು ಯಾರ್ಯಾರೆಂದು ಅವಳಿಗೆ ಬಾಯಿಪಾಠ. ಹೊರಗಿನ ಪೈಪು ಅಂದರೆ ಮೊದಲ ಗುಮಾನಿ ಅದರ ಮೇಲೆಯೇ. ಸೊಟ್ಟ ಕೂತರೆ ಸ್ಪ್ರಿಂಗು ದಿನವಿಡೀ ಅದನ್ನು ನೆಟ್ಟಗೆ ಎಳೆದು ಎಳೆದು ಸಾಯುತ್ತದೆ. ಅವಳು ಪೈಪನ್ನು ಬರಿಗೈಯಲ್ಲಿ ಎತ್ತಿ ಇಂಜಿನ್ನಿನ ಬಾಯಿಗೆ ಕೂಡಿಸಿದಳು. ಡಬ್ಬಿಗೆ ಮುಚ್ಚಳ ಕೂತ ಹಾಗೆ ಕೂತಿತು. ಪೈಪಿಗೂ ಚೌಕಟ್ಟಿಗೂ ನಡುವೆ ಬೆರಳು ಆಡಿಸಿದಳು, ಎಲ್ಲೂ ತಾಗುತ್ತಿರಲಿಲ್ಲ. ಇಂಜಿನ್ ಕೆಳಗಿನ ರಬ್ಬರು ಸವೆದಿದ್ದರೆ ಇಂಜಿನ್ನೇ ತೂಗಾಡಿ ಸ್ಪ್ರಿಂಗು ಹರಿಯುತ್ತದೆ ಎಂದು ಸನ್ನೆಕೋಲು ಹಾಕಿ ಅಲ್ಲಾಡಿಸಿದಳು. ಕಲ್ಲಿನ ಹಾಗೆ ಕೂತಿತ್ತು. ಅಳತೆಗಿಂತ ಗಿಡ್ಡ ಸ್ಪ್ರಿಂಗನ್ನು ಹಿಗ್ಗಿಸಿ ಹಾಕಿದ್ದನೇ? ಅದೂ ಇಲ್ಲ, ಅಳತೆ ಸರಿಯಾಗಿತ್ತು. ನಡುಕ ತಗ್ಗಲಿ ಎಂದು ಒಂದೊಂದರ ಬೆನ್ನಿಗೂ ಕೆಂಪು ಸಿಲಿಕೋನ್ ಬೇರೆ ಬಳಿದಿದ್ದ. ಇಷ್ಟು ಜೋಪಾನದ ಹುಡುಗ.

ಉಳಿದದ್ದು ಐದನೆಯ ಸ್ಪ್ರಿಂಗು. ಸೈಲೆನ್ಸರ್ ಕಡೆ, ಮರೆಯಲ್ಲಿ, ಅದೊಂದೇ ಇಡಿಯಾಗಿತ್ತು.

ಕೊಕ್ಕೆಯಿಂದ ಅದನ್ನು ಬಿಡಿಸಿಕೊಂಡು ಬೆಳಕಿಗೆ ತಂದಳು. ಒಂದು ತುದಿ ಬೆಂಚಿನ ಮೊಳೆಗೆ ಸಿಕ್ಕಿಸಿ, ಇನ್ನೊಂದು ತುದಿ ಹಿಡಿದು ಮೆಲ್ಲಗೆ ಎಳೆದಳು. ಆರೋಗ್ಯವಾದ ಸ್ಪ್ರಿಂಗು ಎಳೆದಷ್ಟೂ ಬರಬೇಕು, ಬಿಟ್ಟರೆ ಹಿಂದೆ ಹೋಗಬೇಕು. ಇದು ಅರ್ಧ ಇಂಚು ಬಂತು. ಟಿಕ್ ಎಂದಿತು. ಕೊಕ್ಕೆ ಬಾಗಿದ ಜಾಗದಲ್ಲಿ ಹಪ್ಪಳದ ಹಾಗೆ ಮುರಿದು ಅವಳ ಕೈಗೇ ಬಂತು.

ಭೂತಗನ್ನಡಿ ಹಿಡಿದು ಮುರಿದ ಮುಖ ನೋಡಿದಳು. ದಣಿದು ಸತ್ತ ಉಕ್ಕಿನ ಮೇಲೆ ಕಾಣುವ ಅಲೆಗೆರೆ ಇಲ್ಲ. ಎಳೆದಾಟದಲ್ಲಿ ಸತ್ತ ಉಕ್ಕು ತೆಳ್ಳಗಾಗಿರುತ್ತದೆ, ಅದೂ ಇಲ್ಲ. ಸಕ್ಕರೆ ಹರಳು ಸುರಿದ ಹಾಗೆ ಮಿಣಮಿಣ. ಇದನ್ನು ಅವಳು ಬಲ್ಲಳು. ನೂರಾರು ಸಲ ನೋಡಿದ್ದಳು. ಗಟ್ಟಿ ಉಕ್ಕು ಹುಳಿಯಲ್ಲಿ ನೆಂದರೆ ಹೀಗಾಗುತ್ತದೆ. ಹುಳಿ ಜಂಗು ತಿನ್ನುವಾಗ ಹುಟ್ಟಿದ ಹೈಡ್ರೋಜನ್ ಉಕ್ಕಿನ ಒಳಹೊಕ್ಕು ಕೂರುತ್ತದೆ. ಅಂಥದ್ದನ್ನು ತಕ್ಷಣ ಎಳೆದು ಕಟ್ಟಿದರೆ ಒಳಗೊಳಗೇ ಬಿರುಕು ಬಿಡುತ್ತದೆ. ಹೊರಗೆ ಥಳಥಳ, ಒಳಗೆ ಗೆದ್ದಲು.

ಯಾರು ಹಾಕಿದರು ಹುಳಿಗೆ?

ಕೆಂಪು ಸಿಲಿಕೋನನ್ನು ಉಗುರಿನಿಂದ ಕಿತ್ತಳು. ಅದರ ಕೆಳಗೆ, ಸುತ್ತುಗಳ ಸಂದಿಯಲ್ಲಿ, ಬೂದು ಬಣ್ಣದ ಪುಡಿ ಹೆಪ್ಪುಗಟ್ಟಿತ್ತು. ಬೆರಳಲ್ಲಿ ಉಜ್ಜಿ ಮೂಸಿ ನೋಡಿದಳು. ಮರುಗಳಿಗೆ, ಗೊತ್ತಿಲ್ಲದೆಯೇ, ಆ ಬೆರಳು ಅವಳ ಹಣೆಗೆ ಹೋಗಿ ಅಡ್ಡ ಎಳೆಯಿತು.

ವಿಭೂತಿ.

ನೀಲಗಂಗಾ ಬೆಂಚಿಗೆ ಒರಗಿ ನಿಂತಳು. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು.

ಅಡುಗೆಮನೆಯಲ್ಲಿ ಸಂಗಮೇಶನ ತಾಯಿ ಶಿವಲಿಂಗಮ್ಮ ಮಬ್ಬುಗತ್ತಲಲ್ಲೇ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಬಾಗಲಕೋಟೆಯಿಂದ ಸೆಪ್ಟೆಂಬರಿನಲ್ಲಿ ಬಂದಿದ್ದಳು, ಮಗನ ಮನೆಯಲ್ಲಿ ಆರು ತಿಂಗಳು ಇದ್ದು ಹೋಗೋಣವೆಂದು. ಅರವತ್ತೈದರ ಹೆಂಗಸು, ಕೈ ಮಾತ್ರ ಇನ್ನೂ ಇಪ್ಪತ್ತೈದರ ವೇಗದಲ್ಲಿತ್ತು.

"ಲೈಟ್ ಹಾಕ್ಕೋಬಾರದೇನ್ರಿ ಅಕ್ಕಾರ, ಹಿಂಗ ಕತ್ತಲದಾಗ?"

"ನೀ ಹಾಕು ನೀಲವ್ವ. ನಾ ಅದನ್ನ ಮುಟ್ಟಂಗಿಲ್ಲ."

ನೀಲಗಂಗಾ ಸ್ವಿಚ್ಚು ಒತ್ತಿದಳು. ಶಿವಲಿಂಗಮ್ಮ ಒಲೆಯ ಕಿವಿ ತಿರುವಿ ಉರಿ ಸಣ್ಣ ಮಾಡಿ, ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟು ಮುಂದೆ ಚಾಚಿದಳು. ಕೇಳದೆ ಬಡಿಸುವುದು ಆ ಕಡೆಯ ರೂಢಿ. ಬೇಡ ಎಂದರೂ ನಡೆಯುವುದಿಲ್ಲ.

"ಅಕ್ಕಾರ, ಆ ಗಾಡಿಗೆ ಪೂಜಿ ಮಾಡಿದ್ರೇನ್ರಿ?"

"ಮಾಡದ ಬಿಡತೀನೇನ?" ಶಿವಲಿಂಗಮ್ಮನ ಮುಖ ನಾಲ್ಕು ದಿನದಲ್ಲಿ ಮೊದಲ ಸಲ ಅರಳಿತು. "ದಸರಾದ ಖಂಡೇಪೂಜಿ ನೋಡು. ಎಂಟು ವರ್ಷದ ಮ್ಯಾಲ ನನ್ನ ಕೈಯಾರೆ ಮಾಡಿದ ಪೂಜಿ. ಗಾಡಿ ಅವ ಬಿಚ್ಚಿ ಇಟ್ಟಿದ್ದ, ಹೊಸಾ ಪೈಪ ಹಾಕಬೇಕಂತ. ಇಕ್ಕಳ, ಸುತ್ತಿಗಿ, ಪಾನಾ, ಎಲ್ಲಾ ತೊಳದು ವಿಭೂತಿ ಹಚ್ಚಿದೆ. ಅಲ್ಲೇ ಡಬ್ಬಿಯೊಳಗ ಆ ಸುರುಳಿ ಇದ್ದೂ, ಹಳೇವು. ಕೆಂಪಗ ಜಂಗ ಹಿಡದಿದ್ದೂ. ಹಂಗ ದೇವರ ಮುಂದ ಇಡಾಕ ಬರತೈತೇನ?"

"ಹ್ಯಾಂಗ ತೊಳದ್ರಿ?"

"ತಾಮ್ರದ ಕೊಡಾ ತೊಳೆಯೂ ಹಂಗ. ಹುಣಸಿಹಣ್ಣು, ಉಪ್ಪು. ಅಷ್ಟಕ್ಕ ಹೋಗಲಿಲ್ಲ. ಸಿಂಕಿನ ಕೆಳಗ ಇವನ ವಿನೆಗರ್ ಬಾಟಲಿ ಇತ್ತು, ಅದನ್ನೂ ಸುರುವಿ ಎರಡ ದಿನಾ ನೆನಸಿ ಇಟ್ಟೆ. ತಿಕ್ಕಿ ತಗದ್ರ ಬೆಳ್ಳಿ ಕಾಲುಂಗರ ಆಗಿದ್ದೂ ನೀಲವ್ವ. ಸಂಗ್ಯಾ ನೋಡಿ, ಅವ್ವಾ, ಹೊಸಾವು ತರೂದೇ ಬ್ಯಾಡ ಅಂದಾ. ಮರುದಿನ ಬನ್ನಿಹಬ್ಬ. ಛಲೋ ದಿನ ಅಂತ ಅವತ್ತೇ ಹಚ್ಚಿ ಬಿಗದಾ."

ನೀಲಗಂಗಾ ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಗೆ ಇಳಿಸಿದಳು. ಎರಡು ದಿನ ನೆನೆಸಿಟ್ಟು ಮರುದಿನವೇ ಬಿಗಿದರೆ ಉಕ್ಕಿಗೆ ಉಸಿರಾಡಲು ಒಂದು ವಾರವೂ ಸಿಗಲಿಲ್ಲ. ಆ ಕೊಕ್ಕೆಗಳು ಚಳಿಗಾಲ ಶುರುವಾಗುವ ಮುಂಚೆಯೇ ಒಳಗೆ ಸೀಳಿರಬೇಕು. ತಾಯಿಯ ಭಕ್ತಿಯಲ್ಲೂ ತಪ್ಪಿಲ್ಲ, ಮಗನ ಸಂತೋಷದಲ್ಲೂ ತಪ್ಪಿಲ್ಲ. ಬೇರೆ ಯಾರ ಮನೆಯಲ್ಲಿ ಹೊಗೆ ಪೈಪಿನ ಸ್ಪ್ರಿಂಗನ್ನು ದೇವರ ಪಾತ್ರೆಯ ಹಾಗೆ ತೊಳೆಯುತ್ತಾರೆ?

"ಯಾಕ ಸುಮ್ಮನಾದಿ?" ಎಂದಳು ಶಿವಲಿಂಗಮ್ಮ. ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು ಹತ್ತಿರ ಬಂದಳು. "ಖರೆ ಹೇಳು. ನನ್ನ ಮಗಾ ಏನಾರ ಮಾಡ್ಯಾನೇನ?"

"ನಿಮ್ಮ ಮಗಾ ಯಾರ ಜೀವಕ್ಕೂ ಕೈ ಹಾಕಿಲ್ರಿ."

"ಅಷ್ಟ ಸಾಕವ್ವ. ಅಷ್ಟ ಸಾಕು ನನಗ."

ನೀಲಗಂಗಾಳಿಗೆ ಆ ಮುಖ ನೋಡಲಾಗಲಿಲ್ಲ. ನೀರು ಬೇಕು ಎಂದು ನೆಪ ಹೇಳಿ ಸಿಂಕಿನ ಕಡೆ ತಿರುಗಿದಳು.

ಸಂಗಮೇಶ ಬಂದದ್ದು ಎರಡೂವರೆಗೆ. ನಾಲ್ಕು ದಿನದಿಂದ ಅವನ ದಿನಚರಿ ಒಂದೇ: ಆಸ್ಪತ್ರೆಯ ಪಾರ್ಕಿಂಗಿಗೆ ಹೋಗುವುದು, ಒಳಗೆ ಹೋಗಲು ಮುಖವಿಲ್ಲದೆ ಕಾರಿನಲ್ಲೇ ಕೂತು ವಾಪಸ್ ಬರುವುದು. ಮೂವತ್ತೆರಡರ ಹುಡುಗ ಐವತ್ತರವನ ಹಾಗೆ ಕಾರಿಳಿದ. ಗ್ಯಾರೇಜಿನಲ್ಲಿ ನೀಲಗಂಗಾಳನ್ನು ಕಂಡು ನಿಂತ. ಬೆಂಚಿನ ಮೇಲೆ ಮುರಿದ ಐದನೆಯ ಸ್ಪ್ರಿಂಗನ್ನು ಕಂಡು ಕಣ್ಣು ಮುಚ್ಚಿದ.

"ಅದನ್ನ ಮರತಿದ್ದಿ," ಎಂದಳು ನೀಲಗಂಗಾ.

"ಕಾಣಲಿಲ್ರಿ ಆಂಟಿ. ಸೈಲೆನ್ಸರ್ ಮರಿಗಿತ್ತು."

"ಉಳದ ನಾಲ್ಕಕ್ಕೂ ಇಕ್ಕಳ ಹಾಕಿದಾವ ನೀನೇ."

ಮನೆಯ ಮುಂಬಾಗಿಲ ಕಡೆ ಯಾರೋ ಬೆಲ್ ಮಾಡಿದ ಸದ್ದಾಯಿತು; ಇಬ್ಬರೂ ಕದಲಲಿಲ್ಲ. ಒಳಗೆ ತಾಯಿ ಇದ್ದಾಳೆ, ನೋಡಿಕೊಳ್ಳುತ್ತಾಳೆ.

"ಹೌದ್ರಿ," ಎಂದ ಸಂಗಮೇಶ. ದನಿ ಗಟ್ಟಿಯಾಗಿಯೇ ಬಂತು, ನಾಲ್ಕು ದಿನ ಕಟ್ಟಿಟ್ಟದ್ದು. "ನಾನೇ ಕತ್ತರಿಸೀನಿ. ಯಾರಿಗೆ ಬೇಕಾದ್ರೂ ಹೇಳ್ರಿ. ನಾನೇ ಕತ್ತರಿಸೀನಿ."

"ಯಾಕ?"

"ಬಿಡ್ರಿ ಆಂಟಿ."

"ಬಿಡಾಕ ನಾ ಇಲ್ಲಿಗೆ ಬಂದಿಲ್ಲ. ಯಾಕ ಕತ್ತರಿಸಿದಿ?"

ಅವನು ತಲೆ ತಗ್ಗಿಸಿ, "ನಿಮ್ಮ ಸಲುವಾಗಿ," ಎಂದ.

"ನನ್ನ ಸಲುವಾಗಿ?"

"ಆಸ್ಪತ್ರಿಯಿಂದ ನಾ ಫೋನ್ ಮಾಡಿದ ಕೂಡ್ಲೆ ಅವ್ವ ಏನಂದ್ಳು ಗೊತ್ತೇನ್ರಿ? ನೀಲವ್ವನ್ನ ಕರಿ, ಆಕಿ ಮುರದದ್ದು ನೋಡಿ ಹೇಳತಾಳ ಅಂದ್ಳು." ಅವನು ಗಾಡಿಯ ಪಕ್ಕಕ್ಕೆ ಕುಸಿದು ಕೂತ. "ಹಿಮದಾಗ ಆಂಬುಲೆನ್ಸ್ ದಾರಿ ಕಾಯ್ಕೋತ ಕುಂತಾಗ ನೋಡಿದೆ ನಾ, ಮುರದ ಮುಖ. ಹರಳ ಹರಳ. ನಾ ಪ್ಲಾಂಟಿನಾಗ ಬೋಲ್ಟ್ ನೋಡಾವ ಆಂಟಿ, ಹೊಸಾ ಹುಡುಗರಿಗೆ ಇದನ್ನೇ ಹೇಳಿಕೊಡತೀನಿ. ಹುಳಿಯೊಳಗ ಅದ್ದಿದ ಬೋಲ್ಟ್ ಬಿಗೀಬ್ಯಾಡ್ರೋ ಅಂತ. ಅಕ್ಟೋಬರಿನಾಗ ಅವ್ವ ತಟ್ಟಿಯೊಳಗ ಹಿಡಕೊಂಡು ಬಂದು ತೋರಿಸಿದಾಗ ನನಗ ನೆನಪಾಗಲಿಲ್ಲ. ಆಕಿ ನಗಾಕತ್ತಿದ್ಳು. ಅದನ್ನಷ್ಟೇ ನೋಡಿದೆ."

ನೀಲಗಂಗಾ ಸ್ಟೂಲು ಎಳೆದು ಅವನ ಎದುರು ಕೂತಳು.

"ಜನವರಿಯಾಗ ಒಂದು ಮುರೀತು," ಎಂದ ಸಂಗಮೇಶ. "ಪೈಪಿಂದೇ ತಪ್ಪು ಅಂತ ತಿಳಕೊಂಡು ಎಲ್ಲಾ ಚೆಕ್ ಮಾಡಿದೆ. ಸಿಲಿಕೋನ್ ಹಚ್ಚಿದೆ. ಅದೇ ಡಬ್ಬಿಯೊಳಗಿಂದು ಇನ್ನೊಂದು ತಗದು ಹಾಕಿದೆ. ಸಾಕೇತಗ ಒಳ್ಳೆ ಗಾಡಿ ಕೊಡಬೇಕು, ಅವಗ ಖುಷಿ ಆಗಬೇಕು, ಅಂತ ನಂದೇ ಕೊಟ್ಟೆ ಆಂಟಿ. ಖರೆ ಹೇಳತೀನಿ."

"ನನಗ ಗೊತ್ತೈತಿ."

"ಸ್ಪ್ರಿಂಗಿನ ಆ ಮುರದ ಮುಖ ಒಂದ ಸಲ ನೀವು ನೋಡಿದ್ರ ಮುಗೀತಿತ್ತು. ಹುಳಿ ಅಂತಿದ್ರಿ, ಯಾರು ತೊಳದ್ರು ಅಂತ ಕೇಳತಿದ್ರಿ, ಅವ್ವ ಖುಷಿಯಿಂದ ನಾನೇ ಅಂತಿದ್ಳು. ಅದಕ್ಕ ಮುರದ ತುದಿ ಕತ್ತರಿಸಿ ಒಗದೆ. ಎಲ್ಲಾ ಬಿಚ್ಚಿ ಗುಜರಿಗೆ ಹಾಕಬೇಕನ್ನೂದರಾಗ ಇಂಚರ ಬಂದು ಫೋಟೋ ಹೊಡಕೊಂಡ್ಲು. ಆಮ್ಯಾಲ ನನ್ನ ಬಾಯಿಗೆ ಬೀಗ ಬಿತ್ತು."

ತಾನು ಬರುತ್ತೇನೆಂದು ಹೆದರಿ ಈ ಹುಡುಗ ತನ್ನ ಕುತ್ತಿಗೆಗೆ ತಾನೇ ಉರುಲು ಹಾಕಿಕೊಂಡನಲ್ಲ ಎಂದುಕೊಂಡಳು ನೀಲಗಂಗಾ. ಅವನ ಭುಜ ಹಿಡಿದು ಅಲ್ಲಾಡಿಸಿದಳು.

"ಹುಚ್ಚಪ್ಪ. ತಾಯಿ ತಿಳೀದ ಮಾಡಿದ್ದನ್ನ ಯಾರು ತಪ್ಪಂತಾರ? ಪೊಲೀಸರೂ ಅನ್ನಂಗಿಲ್ಲ."

"ಪೊಲೀಸರು ಅನ್ನಂಗಿಲ್ರಿ. ಆಕಿ ಅಂತಾಳ." ಅವನ ಕಣ್ಣು ತುಂಬಿ ಬಂತು. "ನಮ್ಮಪ್ಪ ಹ್ಯಾಂಗ ಹೋದಾ ನಿಮಗ ಗೊತ್ತಿಲ್ಲ. ಎಲ್ಲಾರಿಗೂ ಹಾರ್ಟ್ ಅಟ್ಯಾಕ್ ಅಂತ ಹೇಳೀವಿ. ಅಪ್ಪ ಹಿತ್ತಲದಾಗ ಬೋರಿನ ಮೋಟಾರ್ ರಿಪೇರಿ ಮಾಡಾಕತ್ತಿದ್ದ. ಅವ್ವಗ ಗೊತ್ತಿರಲಿಲ್ಲ. ನೀರು ಬೇಕಂತ ಒಳಗ ಸ್ವಿಚ್ ಹಾಕಿದ್ಳು."

ಮಬ್ಬುಗತ್ತಲ ಅಡುಗೆಮನೆ ನೀಲಗಂಗಾಳ ಕಣ್ಣಮುಂದೆ ಬಂತು. ಎಂಟು ವರ್ಷ. ಎಂಟು ವರ್ಷದಿಂದ ಆ ಹೆಂಗಸು ಒಂದು ಸ್ವಿಚ್ಚು ಮುಟ್ಟಿಲ್ಲ.

"ನನ್ನ ಕೈಗುಣ ಕೆಟ್ಟೈತಿ ಅಂತ ಹಬ್ಬ ಮಾಡೂದು ಬಿಟ್ಟಿದ್ಳು," ಎಂದ ಸಂಗಮೇಶ. "ಒಂದ ವರ್ಷ ಮಾತೇ ಆಡಲಿಲ್ಲ. ಇಲ್ಲಿಗೆ ಬಂದ ಮ್ಯಾಲೆ, ಖಂಡೇಪೂಜಿ ದಿನ, ಮೊದಲನೇ ಸಲ ತಾನಾಗೇ ಕೈ ಮುಂದ ಮಾಡಿದ್ಳು. ಈಗ ಹೋಗಿ, ಅವ್ವಾ, ಸಾಕೇತ ಬಿದ್ದದ್ದು ನಿನ್ನ ಕೈಯಿಂದ ಅಂತ ನಾ ಹ್ಯಾಂಗ ಹೇಳ್ಲಿ? ನನ್ನ ಜೈಲಿಗೆ ಹಾಕಲಿ ಆಂಟಿ. ಆಕಿ ಬದುಕತಾಳ."

"ನೀ ಜೈಲಿಗೆ ಹೋದ್ರ ಆಕಿ ಬದುಕತಾಳೇನ?"

ಈ ಪ್ರಶ್ನೆ ನಾಲ್ಕು ದಿನದಲ್ಲಿ ಅವನ ತಲೆಗೆ ಬಂದೇ ಇರಲಿಲ್ಲ ಅನ್ನುವುದು ಮುಖದಲ್ಲೇ ಕಾಣುತ್ತಿತ್ತು. ಗಂಡುಮಕ್ಕಳು ತ್ಯಾಗಕ್ಕೆ ಹೊರಟರೆ ಲೆಕ್ಕ ಇಷ್ಟೇ.

"ಕೇಳಿಲ್ಲಿ," ಎಂದಳು ನೀಲಗಂಗಾ. "ಇಂಚರಾಗ ಖರೆ ಹೇಳೂನು. ಪೂರ್ತಿ ಖರೆ. ಆಕಿ ಗಂಡನ ಕಾಲು ಮುರದೈತಿ, ಆಕಿಗೆ ತಿಳಕೊಳ್ಳೂ ಹಕ್ಕೈತಿ. ಈ ಐದನೇ ಸ್ಪ್ರಿಂಗು ತೋರಸೂನು, ಕತ್ತರಿಸಿದ್ದು ಆಮ್ಯಾಲ ಅಂತ ಮಸಿ ಒರಸಿ ತೋರಸೂನು. ಆಕಿ ಕೆಟ್ಟಾಕಿ ಅಲ್ಲ, ಹೆದರ್ಯಾಳ. ಅವ್ವಗ ಯಾವಾಗ ಹೇಳಬೇಕು, ಹ್ಯಾಂಗ ಹೇಳಬೇಕು, ಮೂರೂ ಮಂದಿ ಕೂಡಿ ವಿಚಾರ ಮಾಡೂನು. ನೀ ಒಬ್ಬನೇ ಹೊತ್ತಿದ್ದು ಸಾಕು."

ಸಂಗಮೇಶ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ದೊಡ್ಡ ಗಂಡಸು ಹಾಗೆ ಅಳುವುದನ್ನು ನೋಡಬಾರದು. ನೀಲಗಂಗಾ ನೋಡಲಿಲ್ಲ, ಸುಮ್ಮನೆ ಅವನ ಬೆನ್ನ ಮೇಲೆ ಕೈಯಿಟ್ಟು ಕೂತಳು. ಕೊನೆಗೆ ಅವನು ಹೂಂ ಎಂದು ತಲೆಯಾಡಿಸಿದ. ಅವಳು ಎದ್ದು ನಿಂತಳು. ಗಡಿಯಾರ ನೋಡಿದಳು. ಮೂರು ಗಂಟೆ ಏಳು ನಿಮಿಷ.

"ಇಂಚರ ಬರಬೇಕಿತ್ತಲ್ಲ," ಎಂದಳು. "ನಡಿ, ಒಳಗ ಕುಂದ್ರೂನು."

ಮನೆಯೊಳಗೆ ಹೋಗುವ ಬಾಗಿಲು ಓರೆಯಾಗಿ ತೆರೆದಿತ್ತು. ಅದರಾಚೆ, ನೆಲದ ಮೇಲೆ, ರೊಟ್ಟಿ ಪಲ್ಯದ ತಟ್ಟೆಯೊಂದು ಇಟ್ಟಿತ್ತು. ಮಗ ಬಂದನೆಂದು ತಂದವಳು ಅಲ್ಲೇ ಇಳಿಸಿ ಹೋಗಿದ್ದಳು.

"ಅವ್ವಾ?" ಎಂದ ಸಂಗಮೇಶ.

ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ದೇವರ ಕೋಣೆಯಲ್ಲೂ ಇರಲಿಲ್ಲ. ಮುಂಬಾಗಿಲ ಬಳಿ ಅವಳ ಕೋಟು ಇಲ್ಲ, ಶೂ ಇಲ್ಲ. ಹೊರಗೆ ನೀರು ಹೆಪ್ಪುಗಟ್ಟುವ ಚಳಿ, ಹದಿನೆಂಟು ಡಿಗ್ರಿ ಫ್ಯಾರನ್‌ಹೀಟ್. ಡ್ರೈವ್‌ವೇ ಮೇಲೆ ಬಿದ್ದ ಹೊಸ ಹಿಮದಲ್ಲಿ ಒಂದು ಕಾರು ಬಂದು ಹೋದ ಗುರುತು.

ತಟ್ಟೆ ಹಿಡಿದು ಬಂದವಳು ಎಷ್ಟು ಕೇಳಿಸಿಕೊಂಡಳು? ನೀಲಗಂಗಾ ಲೆಕ್ಕ ಹಾಕಿದಳು. ಬೆಲ್ ಆಗಿದ್ದು, ಸಂಗಮೇಶ ಗಟ್ಟಿಯಾಗಿ ನಾನೇ ಕತ್ತರಿಸೀನಿ ಅಂದದ್ದು, ಎರಡೂ ಒಂದೇ ಗಳಿಗೆಗೆ. ಅಷ್ಟು ಕೇಳಿ ಬಾಗಿಲು ತೆಗೆಯಲು ಹೋದಳು. ಅದರ ಮುಂದಿನದು ಒಂದಕ್ಷರವೂ ಅವಳ ಕಿವಿಗೆ ಬಿದ್ದಿಲ್ಲ.

ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು.

"ಆಂಟಿ, ನಾನು ಇಂಚರ." ಅವಳ ದನಿ ಪಿಸುಮಾತಿಗಿಂತ ಸ್ವಲ್ಪ ಮೇಲಿತ್ತು. "ಪೊಲೀಸ್ ಸ್ಟೇಷನ್ನಲ್ಲಿದೀನಿ. ನಾನು ಮನೆಗೆ ಬಂದೆ, ಬಾಗಿಲು ತೆಗೆದಿದ್ದು ಶಿವಲಿಂಗಮ್ಮ ಆಂಟಿ. ಒಳಗೆ ಬರೋಕೇ ಬಿಡಲಿಲ್ಲ. ಪೊಲೀಸ್ ಸ್ಟೇಷನ್ನಿಗೆ ನಡಿ ಅಂತ ನನ್ನ ಕೈ ಹಿಡ್ಕೊಂಡು ಬಂದು ಕಾರಲ್ಲಿ ಕೂತ್ಬಿಟ್ರು. ದಾರಿ ಉದ್ದಕ್ಕೂ ಒಂದು ಮಾತಿಲ್ಲ. ಇಲ್ಲಿ ಬಂದು ನನಗಿಂತ ಮುಂಚೆ ಇಳಿದು, ಕೌಂಟರ್ ಮುಂದೆ ಎರಡೂ ಕೈ ಚಾಚಿ ನಿಂತಿದಾರೆ. ಬೇಡಿ ಹಾಕಿ ಅನ್ನೋ ಹಾಗೆ."

ಸಂಗಮೇಶ ಫೋನಿಗೆ ಕೈ ಚಾಚಿದ. ನೀಲಗಂಗಾ ಬಿಡಲಿಲ್ಲ.

"ಏನಂತಿದಾರೆ ಅವರು?"

"ಸಾಕೇತ್ ಮೇಲಿನ ಸಿಟ್ಟಿಗೆ ತಾವೇ ಕತ್ತರಿಸಿದ್ದು ಅಂತ. ಮಗನಿಗೆ ಗೊತ್ತೇ ಇಲ್ಲ ಅಂತ." ಇಂಚರ ಉಸಿರೆಳೆದುಕೊಂಡಳು, ಅವಳು ಅಳುತ್ತಿದ್ದಾಳೆಂದು ಈಗ ಗೊತ್ತಾಯಿತು. "ಸುಳ್ಳು ಆಂಟಿ. ಇವರ ಕೈ ನೋಡಿದ್ರೇ ಗೊತ್ತಾಗುತ್ತೆ. ಇನ್ನೂ ರೊಟ್ಟಿ ಹಿಟ್ಟು ಹಾಗೇ ಇದೆ."

ಅವಳ ಹಿಂದಿನಿಂದ ಶಿವಲಿಂಗಮ್ಮನ ದನಿ, ದೂರದಿಂದ, ಸ್ಪಷ್ಟವಾಗಿ ಕೇಳಿಸಿತು: "ಹೇಳವ್ವಾ, ಅವರಿಗೆ ತಿಳಿಯೂ ಹಂಗ ಹೇಳು. ಎಲ್ಲಾ ನನ್ನ ಕೈಯಿಂದ ಆಗಿದ್ದು ಅಂತ ಹೇಳು."

"ಆಂಟಿ," ಎಂದಳು ಇಂಚರ, "ಇವರಿಗೆ ಕನ್ನಡ ಬಿಟ್ಟು ಬೇರೆ ಬರಲ್ಲ, ಇಲ್ಲಿ ಕನ್ನಡ ಬರೋದು ನನಗೊಬ್ಬಳಿಗೇ. ಆಫೀಸರ್ ಪೆನ್ನು ಹಿಡ್ಕೊಂಡು ನನ್ನ ಮುಖಾನೇ ನೋಡ್ತಿದಾರೆ. ಇಂಗ್ಲಿಷಲ್ಲಿ ನಾನು ಏನಂತ ಹೇಳ್ಲಿ?"